ಶುಗರ್ 196 ಇತ್ತು, ಆದರೂ ಐಸಿಯು ಸೇರಿದೆ

ಆಸ್ಪತ್ರೆಯಿಂದ ಬಂದು ಇವತ್ತಿಗೆ ಹದಿನೆಂಟು ದಿನ. ಕೈ ಮೇಲಿನ ಸೂಜಿ ಗುರುತುಗಳು ನೀಲಿ ಹೋಗಿ ಹಳದಿಯಾಗಿ ಈಗ ಮಾಸುತ್ತಿವೆ. ನೋಡಲು ಬಂದವರು ಏನಾಗಿತ್ತು ಅಂತ ಕೇಳುತ್ತಾರೆ. ‘ಆಸಿಡೋಸಿಸ್’ ಅಂದರೆ ಸಾಕು, ‘ಓ, ಆಸಿಡಿಟಿನಾ? ನಂಗೂ ಇದೆ ಬಿಡಿ, ಬೆಳಿಗ್ಗೆ ಖಾಲಿ ಹೊಟ್ಟೇಲಿ ಒಂದು ಮಾತ್ರೆ ನುಂಗ್ತೀನಿ’ ಅಂತಾರೆ. ಅವರ ತಪ್ಪೇನಿಲ್ಲ, ಮೂರು ವಾರದ ಹಿಂದೆ ನನಗೂ ಗೊತ್ತಿದ್ದದ್ದು ಅಷ್ಟೇ. ಆಸಿಡಿಟಿ ಹೊಟ್ಟೆಯದು, ಆಸಿಡೋಸಿಸ್ ಅಂದರೆ ರಕ್ತದಲ್ಲೇ ಆಮ್ಲ ಹೆಚ್ಚಾಗುವುದು. ಆ ಎರಡು ಪದ ಒಂದೇ ಅಂದುಕೊಂಡೇ ನಾನು ಎರಡು ದಿನ ಮನೆಯಲ್ಲಿ ಮಲಗಿ ಕಳೆದೆ. ಇನ್ನೊಬ್ಬರು ಹಾಗೆ ಕಳೆಯಬಾರದು ಅಂತ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ನನಗೆ ಶುಗರ್ ಬಂದು ಒಂಬತ್ತು ವರ್ಷ. ಟೈಪ್ 2. ಇನ್ಸುಲಿನ್ ಇರಲಿಲ್ಲ, ಮಾತ್ರೆಯಲ್ಲೇ ನಡೆಯುತ್ತಿತ್ತು. ಆರು ತಿಂಗಳ ಹಿಂದೆ ಡಾಕ್ಟರು ಮಾತ್ರೆ ಬದಲಾಯಿಸಿದ್ದರು. ಹೊಸ ಮಾತ್ರೆಯಿಂದ ಶುಗರ್ ಚೆನ್ನಾಗಿ ಇಳಿಯಿತು, ತೂಕವೂ ಎರಡು ಕೆಜಿ ಕಡಿಮೆಯಾಯಿತು. ಅದೇ ಹುಮ್ಮಸ್ಸಿನಲ್ಲಿ ಇನ್ನೂ ಇಳಿಸೋಣ ಅಂತ ಯಾರನ್ನೂ ಕೇಳದೆ ಊಟದಲ್ಲಿ ಪಿಷ್ಟದ ಅಂಶವನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಟ್ಟೆ. ಹದಿನೈದು ದಿನ ಹಾಗೇ ನಡೆಯಿತು. ಮೈ ಹಗುರ ಅನ್ನಿಸುತ್ತಿತ್ತು, ಬಾಯಿ ಮಾತ್ರ ಸದಾ ಒಣಗುತ್ತಿತ್ತು.

ಆಮೇಲೆ ಒಂದು ಬೆಳಿಗ್ಗೆ ಹೊಟ್ಟೆ ತೊಳೆಸಲು ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ವಾಂತಿ. ಹೊಟ್ಟೆಯ ಮೇಲ್ಭಾಗದಲ್ಲಿ ಹಿಂಡಿದ ಹಾಗೆ ನೋವು. ಮೀಟರ್ ಹಿಡಿದು ನೋಡಿದೆ, 188. ಮರುದಿನ 196. ಇದೇನು ದೊಡ್ಡದಲ್ಲ, ಹಬ್ಬದ ಮಾರನೇ ದಿನ ಇದಕ್ಕಿಂತ ಹೆಚ್ಚು ನೋಡಿದ್ದೇನೆ ಅಂದುಕೊಂಡೆ. ಏನೂ ತಿನ್ನಲಾಗದಿದ್ದರೂ ಶುಗರ್ ಮಾತ್ರೆ ತಪ್ಪಿಸಬಾರದು ಅಂತ ಎರಡೂ ದಿನ ಒಂದು ಗುಟುಕು ನೀರಿನಲ್ಲಿ ನುಂಗಿದೆ. ಈ ಕಥೆಯಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದೇ.

ಹತ್ತಿರದ ಕ್ಲಿನಿಕ್ಕಿಗೆ ಹೋದೆ. ಅಲ್ಲಿಯೂ ಬೆರಳು ಚುಚ್ಚಿ ನೋಡಿದರು. ‘ಶುಗರ್ ಪರವಾಗಿಲ್ಲ, ಇದು ಗ್ಯಾಸ್ಟ್ರಿಕ್’ ಅಂತ ವಾಂತಿಗೊಂದು, ಹೊಟ್ಟೆಗೊಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಮೂತ್ರ ಪರೀಕ್ಷೆಗೆ ಬರೆಯಲಿಲ್ಲ, ಉಸಿರು ಎಣಿಸಲಿಲ್ಲ. ನಾನೂ ಏನೂ ಹೇಳಲಿಲ್ಲ. ಬಾಗಿಲಿನಿಂದ ಕುರ್ಚಿಗೆ ಬರುವಷ್ಟರಲ್ಲಿ ಏದುಸಿರು ಬಂದಿತ್ತು, ಅದನ್ನು ವಾಂತಿಯ ಸುಸ್ತಿನ ಲೆಕ್ಕಕ್ಕೆ ಹಾಕಿಕೊಂಡಿದ್ದೆ.

ಆ ಸಂಜೆ ಅಕ್ಕ ಬಂದಳು. ನಾನು ಗೋಡೆ ಕಡೆ ತಿರುಗಿ ಮಲಗಿದ್ದೆ. ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳಂತೆ. ಆಮೇಲೆ, ‘ಏನೋ ಇದು, ಮಲಗೇ ಇದ್ದೀಯ, ಓಡಿ ಬಂದವನ ಹಾಗೆ ಉಸಿರಾಡ್ತಿದ್ದೀಯಲ್ಲೋ’ ಅಂದಳು. ಏನಿಲ್ಲಕ್ಕ ಅನ್ನಲು ಹೋದೆ, ಒಂದು ವಾಕ್ಯ ಮುಗಿಸಲು ಎರಡು ಸಲ ಉಸಿರೆಳೆದುಕೊಳ್ಳಬೇಕಾಯಿತು. ಗಡಿಯಾರ ಹಿಡಿದು ಎಣಿಸಿದಳು. ನಿಮಿಷಕ್ಕೆ 32. ಸುಮ್ಮನಿರುವ ದೊಡ್ಡವರಿಗೆ 12ರಿಂದ 20 ಇರಬೇಕು. ಹತ್ತಿರ ಬಂದಾಗ ನನ್ನ ಉಸಿರಿಗೆ ಹಣ್ಣು ಕೊಳೆತ ವಾಸನೆ, ಉಗುರಿನ ಬಣ್ಣ ಅಳಿಸುವ ದ್ರವದ ವಾಸನೆ ಎರಡೂ ಬೆರೆತ ಹಾಗಿತ್ತು ಅಂತ ಆಮೇಲೆ ಹೇಳಿದಳು. ಆಗ ಹೇಳಲಿಲ್ಲ, ಬೇಜಾರಾದೀತು ಅಂತ. (ವಾಸನೆ ಬಂದರೆ ದಯವಿಟ್ಟು ಮುಲಾಜಿಲ್ಲದೆ ಹೇಳಿ. ಅದು ಅಸಿಟೋನ್. ಕೆಲವರ ಮೂಗಿಗೆ ಅದು ಗೊತ್ತೇ ಆಗುವುದಿಲ್ಲ, ಹಾಗಾಗಿ ವಾಸನೆ ಇಲ್ಲ ಅಂತ ನಿಶ್ಚಿಂತೆಯಾಗಿಯೂ ಇರಬೇಡಿ.)

ಹೊರಡುವಾಗ ಅಕ್ಕ ಮೇಜಿನ ಮೇಲಿದ್ದ ಮಾತ್ರೆಗಳನ್ನೆಲ್ಲ ಬಾಚಿ ಒಂದು ಚೀಲಕ್ಕೆ ಹಾಕಿಕೊಂಡಳು. ಪ್ರಿಸ್ಕ್ರಿಪ್ಷನ್ ಚೀಟಿ ಸಿಗಲಿಲ್ಲ, ಸ್ಟ್ರಿಪ್‌ಗಳನ್ನೇ ತಂದಳು. ನನ್ನನ್ನು ಉಳಿಸಿದ್ದು ಆ ಚೀಲ ಅಂದರೂ ತಪ್ಪಿಲ್ಲ.

ಎಮರ್ಜೆನ್ಸಿಗೆ ಹೋದಾಗ ರಾತ್ರಿ ಒಂಬತ್ತೂವರೆ. ಬೆರಳಿಗೆ ಕ್ಲಿಪ್ ಹಾಕಿದರು, ಆಕ್ಸಿಜನ್ 99. ಇಸಿಜಿ ಸರಿ ಇದೆ. ಎದೆಯ ಎಕ್ಸ್‌ರೇ ಸ್ವಚ್ಛ. ಶುಗರ್ 204. ‘ಗಾಬರಿಯಿಂದ ಹೀಗಾಗುತ್ತೆ, ನಿಧಾನವಾಗಿ ಉಸಿರು ಬಿಡಿ’ ಅಂದರು. ಪ್ರಯತ್ನಪಟ್ಟೆ. ಉಸಿರು ನಿಧಾನ ಮಾಡಿದ ತಕ್ಷಣ ಒಳಗಿನಿಂದ ಯಾರೋ ನೂಕಿದ ಹಾಗೆ ಮತ್ತೆ ಜೋರಾಗುತ್ತಿತ್ತು. ಆಕ್ಸಿಜನ್ ಸರಿ ಇದ್ದ ಮೇಲೆ ಈ ಉಸಿರು ಯಾತಕ್ಕೆ ಅನ್ನುವ ಪ್ರಶ್ನೆ ಅಲ್ಲಿ ಸುಮಾರು ಹೊತ್ತು ಯಾರಿಗೂ ಬರಲಿಲ್ಲ. ಪರದೆಯ ಹಿಂದಿನ ಮಂಚದ ಮೇಲೆ ಎರಡೂವರೆ ಗಂಟೆ ಕಾದೆ. ಬಾಯಾರಿಕೆ ಹೇಳತೀರದು. ಅಕ್ಕ ಹತ್ತಿ ನೆನೆಸಿ ತುಟಿಗೆ ಒತ್ತುತ್ತಿದ್ದಳು.

ಪಾಳಿ ಬದಲಾಗಿ ಒಬ್ಬರು ಚಿಕ್ಕ ವಯಸ್ಸಿನ ಡಾಕ್ಟರು ಬಂದರು. ಮೊದಲು ಕೇಳಿದ್ದು, ‘ಶುಗರ್‌ಗೆ ಏನು ತಗೋತೀರಿ ಸರ್?’ ನಾನು ಮೆಟ್‌ಫಾರ್ಮಿನ್ ಅಂದೆ. ಅಕ್ಕ ಚೀಲ ಮುಂದೆ ಹಿಡಿದಳು. ಅವರು ಸ್ಟ್ರಿಪ್ ತಿರುಗಿಸಿ, ಹಿಂದಿನ ಸಣ್ಣಕ್ಷರಗಳನ್ನು ಮೊಬೈಲ್ ಬೆಳಕಿನಲ್ಲಿ ಓದಿ, ಮತ್ತೊಮ್ಮೆ ಓದಿ, ‘ಇದರಲ್ಲಿ ಡಾಪಾಗ್ಲಿಫ್ಲೋಜಿನ್ ಕೂಡ ಇದೆ. ಎಬಿಜಿ ತೆಗೀಬೇಕು, ಈಗಲೇ’ ಅಂದರು. ಒಂದೇ ಮಾತ್ರೆಯಲ್ಲಿ ಎರಡು ಔಷಧ ಇತ್ತು. ಆರು ತಿಂಗಳು ನುಂಗಿದವನಿಗೆ ಗೊತ್ತಿರಲಿಲ್ಲ.

ಎಬಿಜಿ ಅಂದರೆ ರಕ್ತದಲ್ಲಿನ ಆಮ್ಲ ಮತ್ತು ಅನಿಲಗಳನ್ನು ಅಳೆಯುವ ಪರೀಕ್ಷೆ. ಅದರ ಬಗ್ಗೆ ಯಾರಾದರೂ ಮೊದಲೇ ಹೇಳಿದ್ದರೆ ಚೆನ್ನಾಗಿರುತ್ತಿತ್ತು. ಸಾಮಾನ್ಯ ರಕ್ತ ಪರೀಕ್ಷೆಯ ಹಾಗೆ ಅಭಿಧಮನಿಯಿಂದ ತೆಗೆಯುವುದಲ್ಲ, ಅಪಧಮನಿಯಿಂದ. ಮಣಿಕಟ್ಟಿನಲ್ಲಿ ನಾಡಿ ನೋಡುತ್ತಾರಲ್ಲ, ಅದೇ ಜಾಗ. ನನ್ನ ಮುಷ್ಟಿ ಬಿಗಿ ಮಾಡಿಸಿ ಎರಡೂ ಬದಿಯ ರಕ್ತನಾಳ ಒತ್ತಿ ಹಿಡಿದರು. ಬಿಚ್ಚಿದ ಅಂಗೈ ಬಿಳಿಚಿಕೊಂಡಿತು. ಕಿರುಬೆರಳಿನ ಕಡೆಯದನ್ನು ಬಿಟ್ಟಾಗ ಅಂಗೈಗೆ ಮತ್ತೆ ಬಣ್ಣ ಬಂತು. ಅಂಗೈಗೆ ರಕ್ತ ಹರಿಯಲು ಅದೊಂದೇ ನಾಳ ಸಾಕು ಅಂತ ಖಾತ್ರಿ ಮಾಡಿಕೊಂಡ ಮೇಲೆ ಇನ್ನೊಂದಕ್ಕೆ ಚುಚ್ಚಿದರು. ಸೂಜಿ ಒಳಗೆ ಹೋದಾಗ ಉರಿ ಮೊಣಕೈವರೆಗೆ ಹೊಡೆಯಿತು. ಸಿರಿಂಜನ್ನು ಎಳೆಯಬೇಕಾಗಲೇ ಇಲ್ಲ, ನಾಡಿ ಬಡಿದಂತೆಲ್ಲ ರಕ್ತ ತಾನೇ ಏರುತ್ತಿತ್ತು. ಒಂದು ಗಾಳಿಗುಳ್ಳೆ ಇದ್ದದ್ದನ್ನು ತಟ್ಟಿ ಹೊರಗೆ ಹಾಕಿ, ಮುಚ್ಚಳ ಹಾಕಿಕೊಂಡು ಹುಡುಗ ಓಡಿದ. ಗಾಳಿ ಸೇರಿದರೂ ತಡವಾದರೂ ಲೆಕ್ಕ ತಪ್ಪುತ್ತದಂತೆ. ಚುಚ್ಚಿದ ಜಾಗವನ್ನು ಐದು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ನಾನು ಮಧ್ಯದಲ್ಲಿ ಎತ್ತಿ ನೋಡಿದ್ದಕ್ಕೆ ಬಂದ ನೀಲಿ ಗುರುತೇ ಎಲ್ಲಕ್ಕಿಂತ ಕೊನೆಗೆ ಮಾಸುತ್ತಿರುವುದು.

ಹತ್ತು ನಿಮಿಷದಲ್ಲಿ ಬಸ್ ಟಿಕೆಟ್ಟಿನಂಥ ಚೀಟಿ ಬಂತು. ಪಿಎಚ್ 7.17. ಕಾರ್ಬನ್ ಡೈಆಕ್ಸೈಡ್ 17. ಬೈಕಾರ್ಬೊನೇಟ್ 6. ಡಾಕ್ಟರ ಮುಖ ನೋಡಿ ಅಕ್ಕ ಗೋಡೆಗೆ ಒರಗಿದಳು. ನನಗೆ ಮಾತ್ರ ಅದರ ಬಿಸಿ ತಟ್ಟಲಿಲ್ಲ. ಇರಬೇಕಾದ್ದು 7.35ರಿಂದ 7.45, ನನ್ನದು 7.17, ಎರಡು ದಶಾಂಶ ಹೆಚ್ಚುಕಡಿಮೆ, ಅಷ್ಟಕ್ಕೆ ಇಷ್ಟೇಕೆ ಅನ್ನಿಸಿತು.

ಆಮೇಲೆ ತಿಳಿದುಕೊಂಡದ್ದು ಇದು. ಪಿಎಚ್ ಎನ್ನುವುದು ತಕ್ಕಡಿಯ ತೂಕದ ಹಾಗೆ ಏರಿಳಿಯುವ ಅಂಕಿ ಅಲ್ಲ, ಭೂಕಂಪ ಅಳೆಯುವ ಅಂಕಿಯ ಹಾಗೆ ಹತ್ತರ ಪಟ್ಟಿನ ಲೆಕ್ಕ. ಒಂದು ಅಂಕಿ ಇಳಿದರೆ ಆಮ್ಲ ಹತ್ತು ಪಟ್ಟು ಏರಿದಂತೆ, 0.3 ಇಳಿದರೆ ಎರಡು ಪಟ್ಟು. ನನ್ನ ರಕ್ತದಲ್ಲಿ ಇರಬೇಕಾದ್ದಕ್ಕಿಂತ ಸುಮಾರು ಒಂದೂಮುಕ್ಕಾಲು ಪಟ್ಟು ಆಮ್ಲ ಇತ್ತು. ಅದನ್ನು ಹೀರಿಕೊಳ್ಳಲು ಇರುವ ಬೈಕಾರ್ಬೊನೇಟ್ 22ರಿಂದ 26 ಇರಬೇಕಾದ್ದು 6ಕ್ಕೆ ಬಂದಿತ್ತು, ಅಂದರೆ ಮೂರು ಪಾಲು ಖರ್ಚಾಗಿ ಒಂದು ಪಾಲು ಉಳಿದಿತ್ತು. ಇನ್ನು ಆ ಉಸಿರು. ಶ್ವಾಸಕೋಶ ಹೊರಹಾಕುವ ಕಾರ್ಬನ್ ಡೈಆಕ್ಸೈಡ್ ಕೂಡ ರಕ್ತದಲ್ಲಿ ಆಮ್ಲವೇ. ಬೇರೆ ದಾರಿ ಕಾಣದೆ ದೇಹ ಅದನ್ನಾದರೂ ಊದಿ ಊದಿ ಹೊರಗೆ ತಳ್ಳುತ್ತಿತ್ತು. ಗಾಬರಿಯಲ್ಲ ಅದು, ದುಡಿಮೆ. ಹೀಗೆ ಆಳವಾಗಿ, ಬಿಡುವಿಲ್ಲದೆ ಉಸಿರಾಡುವುದನ್ನು ಜರ್ಮನಿಯ ಕುಸ್‌ಮೌಲ್ ಎಂಬ ವೈದ್ಯರು 1874ರಲ್ಲೇ ಮಧುಮೇಹದ ರೋಗಿಗಳಲ್ಲಿ ಕಂಡು ಬರೆದಿಟ್ಟಿದ್ದಾರೆ. ನಿಧಾನವಾಗಿ ಉಸಿರು ಬಿಡಿ ಎಂದವರ ಮಾತನ್ನು ನನ್ನ ಮೈ ಕೇಳದೇ ಇದ್ದದ್ದು ಒಳ್ಳೆಯದೇ ಆಯಿತು.

ಕೀಟೋನ್ ಪರೀಕ್ಷೆಯಲ್ಲಿ 6.4 ಬಂತು. 0.6ರ ಒಳಗಿರಬೇಕು, 3 ದಾಟಿದರೆ ಅಪಾಯ. ಕಾಯಿಲೆಗೆ ಹೆಸರೂ ಸಿಕ್ಕಿತು: ಡಯಾಬಿಟಿಕ್ ಕೀಟೋಆಸಿಡೋಸಿಸ್, ಅದರಲ್ಲೂ ಶುಗರ್ ಹೆಚ್ಚು ಏರದೆ ಬರುವ ಬಗೆ. ಗ್ಲಿಫ್ಲೋಜಿನ್ ಎಂದು ಕೊನೆಯಾಗುವ ಔಷಧಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಹಾಗಾಗಿ ಮೀಟರಿನಲ್ಲಿ ಅಂಕಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಊಟದಲ್ಲಿ ಪಿಷ್ಟ ಇಲ್ಲ, ವಾಂತಿಯಿಂದ ಹೊಟ್ಟೆಗೆ ಏನೂ ಇಲ್ಲ, ಇರುವ ಸಕ್ಕರೆಯೂ ಸೋರಿಹೋಗುತ್ತಿದೆ ಅಂದಾಗ ದೇಹದಲ್ಲಿ ಇನ್ಸುಲಿನ್ ಇಳಿದು, ಕೊಬ್ಬು ಸುಡಲು ಶುರುವಾಗುತ್ತದೆ. ಆ ಬೂದಿಯೇ ಕೀಟೋನ್, ಅದು ಆಮ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು.

ಐಸಿಯುಗೆ ಹಾಕಿದ ಮೇಲೆ ನಡೆದದ್ದರಲ್ಲಿ ನನಗೆ ನೆನಪಿರುವುದು ಅರ್ಧ, ಅಕ್ಕ ಹೇಳಿದ್ದು ಅರ್ಧ. ಒಂದು ಕೈಗೆ ಸಲೈನ್, ಇನ್ನೊಂದಕ್ಕೆ ಪಂಪಿನಲ್ಲಿ ಇನ್ಸುಲಿನ್. ನನ್ನ ತೂಕ 70 ಕೆಜಿ, ಗಂಟೆಗೆ 7 ಯೂನಿಟ್. ಗಂಟೆಗೊಂದು ಸಲ ಬೆರಳಿಗೆ ಚುಚ್ಚುತ್ತಿದ್ದರು. ಬೆಳಗಿನ ಜಾವದ ಹೊತ್ತಿಗೆ ಯಾವ ಬೆರಳು ಉಳಿದಿದೆ ಅಂತ ನರ್ಸ್ ಹುಡುಕುತ್ತಿದ್ದದ್ದು ನೆನಪಿದೆ. ಆಮ್ಲದ ಪರೀಕ್ಷೆಗೆ ಮತ್ತೆ ಮಣಿಕಟ್ಟಿಗೆ ಬಂದಾಗ ಅಕ್ಕ ಕೈಮುಗಿದು ‘ಬೇರೆ ದಾರಿ ಇಲ್ವಾ?’ ಅಂದಳು. ಇತ್ತು. ಒಮ್ಮೆ ಖಚಿತವಾದ ಮೇಲೆ ಸುಧಾರಣೆ ನೋಡಲು ಬಹಳಷ್ಟು ಸಲ ಅಭಿಧಮನಿಯ ರಕ್ತವೇ ಸಾಕಾಗುತ್ತದೆ. ಕೇಳಿದ್ದಕ್ಕೆ ಬದಲಾಯಿಸಿದರು. ನೀವೂ ಕೇಳಿ ನೋಡಿ.

ದೊಡ್ಡ ಜಗಳ ಆದದ್ದು ಗ್ಲೂಕೋಸ್ ಬಾಟಲಿಗೆ. ಇನ್ಸುಲಿನ್ ಶುರುವಾಗಿ ಹೆಚ್ಚು ಹೊತ್ತಾಗಿರಲಿಲ್ಲ, ನರ್ಸ್ ಡೆಕ್ಸ್ಟ್ರೋಸ್ ತಂದು ನೇತುಹಾಕಿದರು. ಅಕ್ಕ ಅಡ್ಡ ನಿಂತಳು. ‘ಸಿಸ್ಟರ್, ಇವನಿಗೆ ಶುಗರ್ ಇದೆ, ಗ್ಲೂಕೋಸ್ ಹಾಕ್ತಿದ್ದೀರಲ್ಲ! ಬೇರೆಯವರದ್ದು ತಂದಿದ್ದೀರ, ಚೀಟಿ ನೋಡಿ.’ ಡಾಕ್ಟರನ್ನು ಕರೆಸುವವರೆಗೆ ಕದಲಲಿಲ್ಲ. ಅವರು ಬಂದು ಹೇಳಿದ್ದು: ‘ಅಮ್ಮಾ, ಈ ಇನ್ಸುಲಿನ್ ಶುಗರ್ ಇಳಿಸೋಕೆ ಅಲ್ಲ, ಕೀಟೋನ್ ಹುಟ್ಟೋದನ್ನ ನಿಲ್ಲಿಸೋಕೆ. ಅದು ಎಡೆಬಿಡದೆ ಹೋಗ್ತಾ ಇರಬೇಕು. ಬರೀ ಇನ್ಸುಲಿನ್ ಬಿಟ್ಟರೆ ಶುಗರ್ ಪಾತಾಳಕ್ಕೆ ಹೋಗುತ್ತೆ. ಅದಕ್ಕೇ ಜೊತೆಗೆ ಗ್ಲೂಕೋಸ್.’ ಅಕ್ಕ ಒಪ್ಪಿದಳು, ಆದರೆ ಆ ರಾತ್ರಿ ಪೂರ್ತಿ ಆ ಬಾಟಲಿಯನ್ನು ಕೆಂಗಣ್ಣಿನಿಂದ ನೋಡುತ್ತಲೇ ಇದ್ದಳಂತೆ. ನಿಮ್ಮವರಿಗೂ ಹೀಗೆ ಹಾಕಿದರೆ ಹೆದರಬೇಡಿ.

ಪೊಟ್ಯಾಸಿಯಂ ಇನ್ನೊಂದು ತಲೆನೋವು. ಬಂದಾಗ 4.1, ನೋಡಲು ಸರಿಯಾಗಿಯೇ ಇತ್ತು. ಆದರೆ ಆಮ್ಲ ಹೆಚ್ಚಿದ್ದಾಗ ಜೀವಕೋಶದ ಒಳಗಿನದೂ ರಕ್ತಕ್ಕೆ ಬಂದು ಹಾಗೆ ಕಾಣುತ್ತದೆ, ನಿಜವಾಗಿ ಮೈಯಲ್ಲಿ ಕೊರತೆಯೇ. ಇನ್ಸುಲಿನ್ ಹೋದಂತೆ ಅದು ಮತ್ತೆ ಒಳಗೆ ನುಗ್ಗಿ, ಬೆಳಿಗ್ಗೆ 3.2ಕ್ಕೆ ಬಂತು. ಹೃದಯದ ಬಡಿತವೇ ತಪ್ಪಬಹುದು ಅಂತ ಇನ್ಸುಲಿನ್ ಸ್ವಲ್ಪ ಹೊತ್ತು ತಡೆದು ಪೊಟ್ಯಾಸಿಯಂ ಕೊಟ್ಟರು. ಆ ಡ್ರಿಪ್ ಹೋಗುವಾಗ ರಕ್ತನಾಳದುದ್ದಕ್ಕೂ ಖಾರ ಹಚ್ಚಿದ ಹಾಗೆ ಉರಿಯುತ್ತದೆ. ಸುಮ್ಮನೆ ಸಹಿಸಬೇಡಿ, ಹೇಳಿದರೆ ನಿಧಾನ ಮಾಡುತ್ತಾರೆ.

ರಕ್ತ ಆಮ್ಲವಾಗಿದ್ದರೆ ಸೋಡಾ ಕೊಟ್ಟರಾಯಿತಲ್ಲ ಅಂತ ನಾನೂ ಕೇಳಿದೆ. ಪಿಎಚ್ 7.0ಕ್ಕಿಂತ ಕೆಳಗೆ ಹೋದರೆ ಮಾತ್ರ ಅದರ ಯೋಚನೆ, ಇಲ್ಲದಿದ್ದರೆ ಉಪಕಾರಕ್ಕಿಂತ ಅಪಕಾರ ಅಂದರು. ಆಮ್ಲ ಹುಟ್ಟುವ ಕಡೆ ಬೀಗ ಹಾಕಿದರೆ ಬೈಕಾರ್ಬೊನೇಟ್ ದೇಹವೇ ಮಾಡಿಕೊಳ್ಳುತ್ತದೆ. ಕ್ಷಾರೀಯ ನೀರು ಕುಡಿಯಿರಿ ಅಂತ ಈಗಲೂ ನನಗೆ ದಿನಕ್ಕೊಂದು ಸಂದೇಶ ಬರುತ್ತದೆ. ಹೊಟ್ಟೆಗೆ ಹೋದ ನೀರು ಅಲ್ಲಿನ ಆಮ್ಲಕ್ಕೇ ಸಿಕ್ಕಿ ಮುಗಿಯುತ್ತದೆ. ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ.

ಪಕ್ಕದ ಮಂಚದಲ್ಲಿ ಒಬ್ಬರು ಹಿರಿಯರಿದ್ದರು. ಅವರದೂ ಆಸಿಡೋಸಿಸ್ ಅಂತ ಕೇಳಿ ಜೊತೆ ಸಿಕ್ಕಿತು ಅಂದುಕೊಂಡೆ. ಅವರದು ಪೂರ್ತಿ ತಿರುವುಮುರುವು. ಹಳೆಯ ಶ್ವಾಸಕೋಶದ ಕಾಯಿಲೆ, ಕಾರ್ಬನ್ ಡೈಆಕ್ಸೈಡ್ ಹೊರಹಾಕಲಾಗದೆ ಒಳಗೇ ತುಂಬಿಕೊಂಡು ರಕ್ತ ಆಮ್ಲವಾಗಿತ್ತು. ನಾನು ಮೂರು ಉಸಿರು ಬಿಡುವಷ್ಟರಲ್ಲಿ ಅವರು ಒಂದು ಬಿಡುತ್ತಿದ್ದರು, ಮುಖಕ್ಕೆ ಬಿಗಿಯಾಗಿ ಮಾಸ್ಕ್ ಕಟ್ಟಿದ್ದರು. ಆಸಿಡೋಸಿಸ್ ಒಂದು ಕಾಯಿಲೆಯ ಹೆಸರಲ್ಲ ಅಂತ ಗೊತ್ತಾದದ್ದು ಅಲ್ಲಿಯೇ. ಮೂತ್ರಪಿಂಡ ಸೋತರೂ, ವಿಪರೀತ ಭೇದಿಯಾದರೂ, ಸೋಂಕಿನಿಂದ ಬಿಪಿ ಬಿದ್ದು ಲ್ಯಾಕ್ಟಿಕ್ ಆಮ್ಲ ಏರಿದರೂ ಚೀಟಿಯಲ್ಲಿ ಪಿಎಚ್ ಇಳಿದೇ ಬರುತ್ತದೆ. ಆದ್ದರಿಂದ ಯಾವುದರಿಂದ ಬಂದದ್ದು ಅಂತ ಕೇಳದೆ ಬಿಡಬೇಡಿ.

ಮರುದಿನ ಸಂಜೆ ಲೆಕ್ಕ ಚೆನ್ನಾಗಿ ಬಂತೆಂದು ಇನ್ಸುಲಿನ್ ಪಂಪ್ ನಿಲ್ಲಿಸಿ, ಅದೇ ಹೊತ್ತಿಗೆ ಚರ್ಮದ ಕೆಳಗೆ ಇಂಜೆಕ್ಷನ್ ಕೊಟ್ಟರು. ನಾನು ಕೇಳಿದ್ದಕ್ಕೆ ಕುಡಿಯಲು ನೀರು ಕೊಟ್ಟರು, ಆ ನೀರಿನ ರುಚಿಯನ್ನು ಮರೆಯಲಾರೆ. ರಾತ್ರಿ ಹತ್ತಕ್ಕೆ ಮತ್ತೆ ಉಸಿರು ಭಾರವಾಯಿತು. ಪರೀಕ್ಷೆ ಮಾಡಿದರೆ ಅಯಾನ್ ಗ್ಯಾಪ್ 14ರಿಂದ 19ಕ್ಕೆ ಏರಿತ್ತು. ಸೋಡಿಯಂನಿಂದ ಕ್ಲೋರೈಡ್, ಬೈಕಾರ್ಬೊನೇಟ್ ಎರಡನ್ನೂ ಕಳೆದರೆ ಬರುವ ಅಂಕಿ ಅದು, ಏರಿದರೆ ಕೀಟೋನಿನಂಥ ಆಮ್ಲ ರಕ್ತದಲ್ಲಿ ಹೆಚ್ಚಿದೆ ಅಂತ ಅರ್ಥ. ಮೊದಲ ದಿನ ನನ್ನದು 136ರಲ್ಲಿ 102 ಮತ್ತು 6 ಕಳೆದು 28 ಇತ್ತು. ಇಂಜೆಕ್ಷನ್ ಕೆಲಸಕ್ಕೆ ಹತ್ತಲು ಹೊತ್ತು ಬೇಕು, ಪಂಪಿನ ಇನ್ಸುಲಿನ್ ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಒಂದೆರಡು ಗಂಟೆ ಎರಡೂ ಒಟ್ಟಿಗೆ ಹೋಗಬೇಕಿತ್ತು. ಗ್ಲಿಫ್ಲೋಜಿನ್ ಪ್ರಭಾವವೂ ಮಾತ್ರೆ ಬಿಟ್ಟ ಮೇಲೆ ದಿನಗಟ್ಟಲೆ ಉಳಿಯುತ್ತದೆ. ಮತ್ತೆ ಪಂಪ್, ಮತ್ತೆ ಬೆರಳು, ಐಸಿಯುವಿನಲ್ಲಿ ಇನ್ನೊಂದು ದಿನ. ಆ ರಾತ್ರಿ ಅತ್ತೆ. ನೋವಿಗಲ್ಲ, ಮುಗಿಯಿತು ಅಂದುಕೊಂಡದ್ದು ಮುಗಿದಿರಲಿಲ್ಲವಲ್ಲ ಅಂತ.

ಮೂರನೇ ದಿನ ಗ್ಯಾಪ್ 11ಕ್ಕೆ ಬಂದರೂ ಬೈಕಾರ್ಬೊನೇಟ್ 17ರಲ್ಲೇ ನಿಂತಿತ್ತು. ಮತ್ತೇನು ಕಾದಿದೆಯೋ ಅಂತ ಹೆದರಿದೆ. ಅದು ಬಾಟಲಿಗಟ್ಟಲೆ ಹೋದ ಸಲೈನಿನ ಕ್ಲೋರೈಡ್‌ನಿಂದ, ಮೂತ್ರಪಿಂಡ ಕೆಲ ದಿನಗಳಲ್ಲಿ ತಾನೇ ಸರಿ ಮಾಡಿಕೊಳ್ಳುತ್ತದೆ ಅಂದರು. ಹಾಗೇ ಆಯಿತು. ಮೂತ್ರದ ಪಟ್ಟಿಯಲ್ಲಿ ಕೀಟೋನ್ ಇನ್ನೂ ಗಾಢ ಬಣ್ಣ ತೋರಿಸುತ್ತಿತ್ತು. ಅದನ್ನು ನೋಡಿಯೂ ಕಂಗಾಲಾಗಬೇಡಿ. ಆ ಪಟ್ಟಿ ಮುಖ್ಯ ಕೀಟೋನನ್ನು ಅಳೆಯುವುದೇ ಇಲ್ಲ, ಗುಣವಾಗುತ್ತಿರುವಾಗಲೂ ಹೆಚ್ಚು ತೋರಿಸಬಹುದು. ರಕ್ತದ ಕೀಟೋನ್ ಅಂಕಿಯೇ ನಂಬಿಕೆಯದು.

ವಾರ್ಡಿನಲ್ಲಿ ಎರಡು ದಿನ ಇದ್ದು ಹೊರಟೆ. ಬಿಲ್ಲಿನಲ್ಲಿ ಹೆಚ್ಚು ಪಾಲು ಔಷಧದ್ದಲ್ಲ. ಇನ್ಸುಲಿನ್, ಸಲೈನ್ ಅಗ್ಗದ ವಸ್ತುಗಳೇ. ತಿಂದದ್ದು ಐಸಿಯು ಬಾಡಿಗೆ ಮತ್ತು ಲೆಕ್ಕವಿಲ್ಲದಷ್ಟು ರಕ್ತ ಪರೀಕ್ಷೆ. ಎರಡು ದಿನ ಮೊದಲೇ ಹೋಗಿದ್ದರೆ ಇದರಲ್ಲಿ ಎಷ್ಟೋ ಉಳಿಯುತ್ತಿತ್ತು ಎಂಬ ಲೆಕ್ಕವನ್ನು ನಾನಿನ್ನೂ ಮಾಡಿಲ್ಲ.

ಡಿಸ್ಚಾರ್ಜ್ ಸಮ್ಮರಿಯನ್ನು ಅಲ್ಲೇ ನಿಂತು ಓದಿ. ನನ್ನದರಲ್ಲಿ ‘ಹತೋಟಿ ತಪ್ಪಿದ ಮಧುಮೇಹ, ವಾಂತಿ’ ಅಂತಷ್ಟೇ ಇತ್ತು. ಕೀಟೋಆಸಿಡೋಸಿಸ್ ಪದವೂ ಇಲ್ಲ, ಕಾರಣವಾದ ಔಷಧದ ಹೆಸರೂ ಇಲ್ಲ. ಮನೆಗೆ ಬಂದ ಮೇಲೆ ನೋಡಿದೆ. ವಿಮೆಯವರು ವಾಂತಿಗೆ ಮೂರು ದಿನ ಐಸಿಯು ಯಾಕೆ ಅಂತ ಕೇಳಿದರು. ತಿದ್ದಿಸಲು ನಾಲ್ಕು ಸಲ ಓಡಾಡಿದೆ. ವಿಮೆಗಿಂತ ಮುಖ್ಯ, ಮುಂದೆ ನನ್ನನ್ನು ನೋಡುವ ಡಾಕ್ಟರಿಗೆ ಆ ಎರಡು ಪದ ಗೊತ್ತಾಗಬೇಕು. ಇನ್ನೊಂದು, ಎಬಿಜಿ ಚೀಟಿಗಳು ಶಾಖಕ್ಕೆ ಮುದ್ರಣವಾಗುವ ಕಾಗದ. ನನ್ನ ಮೊದಲ ಚೀಟಿ ಈಗಾಗಲೇ ಅರ್ಧ ಬಿಳಿಯಾಗಿದೆ. ಕೈಗೆ ಬಂದ ದಿನವೇ ಫೋಟೊ ತೆಗೆದಿಡಿ.

ಆಮೇಲೆ ಇನ್ನೆರಡು ಪರೀಕ್ಷೆ ಮಾಡಿಸಿದರು, ಸಿ-ಪೆಪ್ಟೈಡ್ ಮತ್ತು ಗ್ಯಾಡ್ ಆ್ಯಂಟಿಬಾಡಿ. ದೊಡ್ಡವರಾದ ಮೇಲೆ ನಿಧಾನವಾಗಿ ಬರುವ ಟೈಪ್ 1ಕ್ಕೆ ಟೈಪ್ 2 ಅಂತ ಹೆಸರು ಬಿದ್ದಿರುವುದೂ ಉಂಟಂತೆ. ನನ್ನದು ಹಾಗಲ್ಲ. ಗ್ಲಿಫ್ಲೋಜಿನ್ ಮಾತ್ರ ಇನ್ನು ಮೇಲೆ ಬೇಡ ಅಂದರು. ಸದ್ಯಕ್ಕೆ ರಾತ್ರಿ ಒಂದು ಇನ್ಸುಲಿನ್.

ಇದನ್ನು ಓದಿ ಯಾರೂ ತಮ್ಮ ಮಾತ್ರೆಯನ್ನು ಕಸಕ್ಕೆ ಹಾಕಬೇಡಿ. ಹೃದಯಕ್ಕೆ, ಮೂತ್ರಪಿಂಡಕ್ಕೆ ಅವು ಒಳ್ಳೆಯದು ಮಾಡುವ ಔಷಧಗಳು, ಬಹಳ ಜನಕ್ಕೆ ಏನೂ ಆಗುವುದಿಲ್ಲ. ನನಗೆ ಮೊದಲೇ ಹೇಳಬೇಕಿದ್ದದ್ದು ಇಷ್ಟು: ಊಟ ಸೇರದ, ವಾಂತಿಯ, ಜ್ವರದ ದಿನ ಆ ಮಾತ್ರೆ ನುಂಗಬಾರದು, ಡಾಕ್ಟರಿಗೆ ಫೋನ್ ಮಾಡಬೇಕು. ಆಪರೇಷನ್ ಇದ್ದರೆ ಕನಿಷ್ಠ ಮೂರು ದಿನ ಮೊದಲೇ ನಿಲ್ಲಿಸುವ ಬಗ್ಗೆ ಕೇಳಬೇಕು (ಎರ್ಟುಗ್ಲಿಫ್ಲೋಜಿನ್ ಆದರೆ ನಾಲ್ಕು). ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಊಟ ಮಾಡಲಿಲ್ಲ ಅಂತ ಅದನ್ನು ಪೂರ್ತಿ ಬಿಡಬಾರದು. ಊಟದ ಪದ್ಧತಿ ಬದಲಾಯಿಸುವ ಮುಂಚೆ ಸ್ಟ್ರಿಪ್ಪಿನ ಹಿಂಭಾಗ ಓದಬೇಕು.

ಅಕ್ಕ ರಕ್ತದ ಕೀಟೋನ್ ಮೀಟರೊಂದನ್ನು ತಂದುಕೊಟ್ಟಿದ್ದಾಳೆ. ಇವತ್ತು ಬೆಳಿಗ್ಗೆ 0.2. ನಾನು ಸೋಫಾದಲ್ಲಿ ಕಣ್ಣು ಮುಚ್ಚಿದರೆ ಅವಳು ಮಾತು ನಿಲ್ಲಿಸಿ ಗಡಿಯಾರ ನೋಡುವುದು ನಿಂತಿಲ್ಲ. ತಿದ್ದಿದ ಸಮ್ಮರಿಯನ್ನು ವಿಮೆಯವರಿಗೆ ಕಳಿಸಿ ಆರು ದಿನ ಆಯಿತು. ನಿನ್ನೆ ಫೋನ್ ಬಂದಿತ್ತು. ಮೊದಲ ಸಲ ಶುಗರ್ ಪತ್ತೆಯಾದ ಚೀಟಿ ಬೇಕಂತೆ, ಒಂಬತ್ತು ವರ್ಷದ ಹಿಂದಿನದು. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಹುಡುಕಬೇಕು.